ಸಿಂಗಲ್ ಎಂಡೆಡ್ ಸೆನ್ಸರ್, ಡಿಫರೆನ್ಷಿಯಲ್ ಎಡಿಸಿ: ಮೈನಸ್ ಪಿನ್ನನ್ನು ಎಲ್ಲಿಗೆ ಜೋಡಿಸಬೇಕು?

ಸಂಜೆ ಆರೂವರೆ ಆಗುತ್ತಿದ್ದಂತೆ ನಮ್ಮ ತೋಟದ ಕೆರೆಯ ಮಟ್ಟ ಒಂಬತ್ತು ಸೆಂಟಿಮೀಟರ್ ಏರುತ್ತಿತ್ತು. ಬೆಳಗಾಗುತ್ತಲೇ ಅಷ್ಟೇ ಇಳಿಯುತ್ತಿತ್ತು. ಫೋನಿನ ಗ್ರಾಫ್‌ನಲ್ಲಿ ಮೆಟ್ಟಿಲು ಕಡಿದ ಹಾಗೆ ಕಾಣುತ್ತಿತ್ತು. ಅದು ಮಾರ್ಚ್ ತಿಂಗಳು. ಕೊಡಗಿನ ಸುಂಟಿಕೊಪ್ಪದ ಕಡೆ, ಕಾಫಿ ಹೂ ಅರಳಿಸುವ ಹೂ ಮಳೆ ಇನ್ನೂ ಬಿದ್ದಿರಲಿಲ್ಲ. ರೊಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹಾಕುವ ಹೊತ್ತು, ಕೆರೆಯ ಒಂದೊಂದು ಅಡಿ ನೀರಿಗೂ ಲೆಕ್ಕ. ನಮ್ಮ ತೋಟದ ಲೆಕ್ಕ ನೋಡುವ ರೈಟರ್ ಗ್ರಾಫ್ ನೋಡಿ, "ಸಾರ್, ರಾತ್ರಿ ಒರತೆ ಬರ್ತಾ ಇರ್ಬೇಕು. ಇನ್ನೊಂದು ಬ್ಲಾಕಿಗೂ ನೀರು ಬಿಡಬಹುದಲ್ವಾ?" ಅಂದರು.

ಒರತೆ ಇರಲಿಲ್ಲ. ಕೆರೆ ಏರಿಯ ಮೇಲೆ ಕತ್ತಲಾದಾಗ ತಾನಾಗಿ ಹೊತ್ತುವ ಒಂದು ಪುಟ್ಟ ಎಲ್‌ಇಡಿ ದೀಪ ಇತ್ತು. ಆ ದೀಪ ಮತ್ತು ನೀರಿನ ಸೆನ್ಸರ್ ಒಂದೇ ಗ್ರೌಂಡ್ ತಂತಿಯನ್ನು ಹಂಚಿಕೊಂಡಿದ್ದವು. ನನ್ನ ಎಡಿಸಿ, ಅಂದರೆ ಸೆನ್ಸರಿನ ವೋಲ್ಟೇಜನ್ನು ಅಂಕಿಯಾಗಿ ಬದಲಿಸುವ ಚಿಪ್, ಡಿಫರೆನ್ಷಿಯಲ್ ಆಗಿತ್ತು, ಅಂದರೆ ಪ್ಲಸ್ ಮತ್ತು ಮೈನಸ್ ಎರಡೂ ಇನ್‌ಪುಟ್ ಇತ್ತು. ನಾನು ಮೈನಸ್ಸನ್ನು ಬಳಸಿಯೇ ಇರಲಿಲ್ಲ. ಬೋರ್ಡಿನ ಗ್ರೌಂಡಿನಿಂದ ಅಳೆದು ಸುಮ್ನೆ ಕೂತಿದ್ದೆ.

ಬಿದಿರಿನ ಕೋಲು ಊರಿ ಕೆರೆಯ ಆಳ ಅಳೆಯುವುದನ್ನು ನೆನಪಿಸಿಕೊಳ್ಳಿ. ಕೋಲಿನ ಮೇಲೆ ಎಷ್ಟೇ ನಾಜೂಕಾಗಿ ಗುರುತು ಹಾಕಿರಿ, ಬುಡ ಕೆಸರಿನಲ್ಲಿ ಇಳಿದರೆ ಲೆಕ್ಕ ಹೋಯಿತು. ಎಡಿಸಿಯಲ್ಲಿ ಬಿಟ್‌ಗಳು ಕೋಲಿನ ಗುರುತು, ಮೈನಸ್ ಪಿನ್ ಕೋಲಿನ ಬುಡ. 16 ಬಿಟ್, 24 ಬಿಟ್ ಅಂತ ಗುರುತುಗಳನ್ನು ಎಣಿಸುವ ಮೊದಲು ಬುಡ ಎಲ್ಲಿ ನಿಂತಿದೆ ಅಂತ ನೋಡಬೇಕು. ಹಾಗಾಗಿ ಕೆಳಗೆ ಬರೆದಿರುವುದರಲ್ಲಿ ಹೆಚ್ಚಿನ ಪಾಲು ಆ ಬುಡದ ಬಗ್ಗೆಯೇ.

ಮೊದಲು ನಿಮ್ಮ ಎಡಿಸಿ ಯಾವ ಜಾತಿ ಅಂತ ನೋಡಿ

ಸಿಂಗಲ್ ಎಂಡೆಡ್ ಸಿಗ್ನಲ್ ಅಂದರೆ ಒಂದೇ ತಂತಿಯಲ್ಲಿ ಆಡುವ ವೋಲ್ಟೇಜ್. ಇನ್ನೊಂದು ತಂತಿ ಗ್ರೌಂಡ್, ಅದು ಆಡುವುದಿಲ್ಲ. ನಮಗೆ ಸಿಗುವ ಅಗ್ಗದ ಸೆನ್ಸರ್‌ಗಳು ಬಹುತೇಕ ಹೀಗೇ. ಡಿಫರೆನ್ಷಿಯಲ್ ಎಡಿಸಿ ತನ್ನ ಪ್ಲಸ್ ಪಿನ್ನಿನಿಂದ ಮೈನಸ್ ಪಿನ್ನನ್ನು ಕಳೆದು, ಉಳಿದದ್ದನ್ನು ಅಂಕಿಯಾಗಿ ಕೊಡುತ್ತದೆ. ಆದರೆ ಡಿಫರೆನ್ಷಿಯಲ್ ಅಂತ ಹೆಸರಿಟ್ಟುಕೊಂಡ ಚಿಪ್‌ಗಳೆಲ್ಲ ಒಂದೇ ಥರ ಅಲ್ಲ.

ಕೆಲವು ಚಿಪ್‌ಗಳಲ್ಲಿ ಮೈನಸ್ ಪಿನ್ ಗ್ರೌಂಡಿನ ಆಚೀಚೆ 0.1 ವೋಲ್ಟಿನಷ್ಟು ಮಾತ್ರ ಆಡಬಹುದು. ಇವನ್ನು ಸ್ಯೂಡೋ ಡಿಫರೆನ್ಷಿಯಲ್ ಅನ್ನುತ್ತಾರೆ. ಇನ್ನು ಕೆಲವದರಲ್ಲಿ ಎರಡೂ ಪಿನ್ ಗ್ರೌಂಡಿನಿಂದ ಸಪ್ಲೈವರೆಗೆ ಎಲ್ಲಿ ಬೇಕಾದರೂ ಇರಬಹುದು, ಚಿಪ್ ತಕರಾರು ಮಾಡುವುದಿಲ್ಲ. ನಾನು ಕೆರೆಗೆ ಬಳಸಿದ ಎಡಿಎಸ್1115 ಈ ಗುಂಪಿನದು. ಮೂರನೆಯದು ಫುಲ್ಲಿ ಡಿಫರೆನ್ಷಿಯಲ್. ಇದರಲ್ಲಿ ಪ್ಲಸ್ ಏರಿದಷ್ಟೇ ಮೈನಸ್ ಇಳಿಯಬೇಕು. ಎರಡರ ಸರಾಸರಿ, ಅಂದರೆ ಕಾಮನ್ ಮೋಡ್, ರೆಫರೆನ್ಸಿನ (ಎಡಿಸಿ ಹೋಲಿಸಿ ಅಳೆಯುವ ಸ್ಥಿರ ವೋಲ್ಟೇಜಿನ) ಅರ್ಧದಲ್ಲೇ ನಿಂತಿರಬೇಕು. ವೇಗದ, ಹೆಚ್ಚು ಬಿಟ್ಟಿನ ಹಲವು ಎಸ್‌ಎಆರ್ ಎಡಿಸಿಗಳು ಈ ಜಾತಿಯವು.

ಡೇಟಾಶೀಟ್‌ನಲ್ಲಿ ಎರಡು ಸಾಲು ಹುಡುಕಿ. ಒಂದು, ಪ್ರತಿ ಪಿನ್ ಗ್ರೌಂಡಿಗೆ ಹೋಲಿಸಿ ಎಷ್ಟು ವೋಲ್ಟ್ ತಡೆಯುತ್ತದೆ. ಇನ್ನೊಂದು, ಕಾಮನ್ ಮೋಡ್ ಎಲ್ಲಿಂದ ಎಲ್ಲಿವರೆಗೆ ಇರಬಹುದು. ಈ ಎರಡು ಗೊತ್ತಾದರೆ ಮುಂದೆ ಯಾವ ದಾರಿ ಅನ್ನುವುದು ಮುಕ್ಕಾಲು ಪಾಲು ತೀರ್ಮಾನವಾಯಿತು.

ಒಂದು ತಪ್ಪು ಕಲ್ಪನೆ ಇಲ್ಲೇ ಬಿಟ್ಟುಬಿಡಿ. "ಪ್ಲಸ್ ಮೈನಸ್ 2.048 ವೋಲ್ಟ್" ಅಂತ ಬರೆದಿದ್ದರೆ ಪಿನ್ನಿಗೆ ಮೈನಸ್ 2 ವೋಲ್ಟ್ ಕೊಡಬಹುದು ಅಂತ ಅರ್ಥ ಅಲ್ಲ. ಅದು ಎರಡು ಪಿನ್ನಿನ ವ್ಯತ್ಯಾಸ ಮಾತ್ರ. ಎಡಿಎಸ್1115ರ ಯಾವ ಪಿನ್ನೂ ಗ್ರೌಂಡಿಗಿಂತ 0.3 ವೋಲ್ಟ್ ಕೆಳಗೆ, ಸಪ್ಲೈಗಿಂತ 0.3 ವೋಲ್ಟ್ ಮೇಲೆ ಹೋಗಬಾರದು.

ಮೈನಸ್ಸನ್ನು ಗ್ರೌಂಡಿಗೆ ಹಾಕಿದರೆ ಏನು ಕಳೆದುಕೊಳ್ಳುತ್ತೀರಿ

ಮೊದಲ ನಷ್ಟ ಎಲ್ಲರಿಗೂ ಗೊತ್ತಿರುವುದೇ. ಎಡಿಎಸ್1115 ಕೊಡುವ ಅಂಕಿ ಮೈನಸ್ 32768ರಿಂದ ಪ್ಲಸ್ 32767ರವರೆಗೆ. ಮೈನಸ್ ಇನ್‌ಪುಟ್ ಗ್ರೌಂಡಿನಲ್ಲಿದ್ದರೆ ಕೆಳಗಿನ ಅರ್ಧ ಬರುವುದೇ ಇಲ್ಲ. ಒಂದು ಬಿಟ್ ಹೋಯಿತು.

ಎರಡನೆಯದು ರೇಂಜಿನ ನಷ್ಟ. ನನ್ನ ಪ್ರೆಶರ್ ಸೆನ್ಸರ್ 5 ವೋಲ್ಟಿನಲ್ಲಿ ಓಡುತ್ತದೆ. ನೀರಿಲ್ಲದಾಗ 0.5 ವೋಲ್ಟ್, 5 ಮೀಟರ್ ನೀರಿದ್ದಾಗ 4.5 ವೋಲ್ಟ್. ಗ್ರೌಂಡಿನಿಂದ ಅಳೆದರೆ 4.096 ವೋಲ್ಟಿನ ರೇಂಜ್ ಸಾಲದು, 6.144ಕ್ಕೆ ಹೋಗಬೇಕು. ಅಲ್ಲಿ ಒಂದು ಅಂಕಿ ಅಂದರೆ 187.5 ಮೈಕ್ರೊವೋಲ್ಟ್. ಅದರ ಬದಲು 2.5 ವೋಲ್ಟಿನಿಂದ ಅಳೆದರೆ? ಅದೇ ಸಿಗ್ನಲ್ ಮೈನಸ್ 2ರಿಂದ ಪ್ಲಸ್ 2 ವೋಲ್ಟ್ ಆಗುತ್ತದೆ. 2.048ರ ರೇಂಜಿನಲ್ಲಿ ಹೇಳಿ ಮಾಡಿಸಿದ ಹಾಗೆ ಕೂರುತ್ತದೆ. ಒಂದು ಅಂಕಿ 62.5 ಮೈಕ್ರೊವೋಲ್ಟ್. ಒಂದು ಮಿಲಿಮೀಟರ್ ನೀರಿಗೆ 0.8 ಮಿಲಿವೋಲ್ಟ್. ಮೊದಲು ಮಿಲಿಮೀಟರಿಗೆ ನಾಲ್ಕು ಅಂಕಿ ಸಿಗುತ್ತಿತ್ತು, ಈಗ ಹನ್ನೆರಡಕ್ಕಿಂತ ಜಾಸ್ತಿ.

ನಿಜ ಹೇಳಬೇಕು ಅಂದರೆ ಕೆರೆಗೆ ನಾಲ್ಕು ಅಂಕಿಯೇ ಸಾಕು. ನನ್ನನ್ನು ಕಾಡಿದ್ದು ಮೂರನೆಯ ನಷ್ಟ, ಗ್ರೌಂಡ್ ತಂತಿಯದು.

ಸಿಸಿಟಿವಿಯವರು ಎಳೆಯುವ ಲ್ಯಾನ್ ಕೇಬಲ್ಲನ್ನೇ ನಾನು ಕೆರೆಯಿಂದ ಪಂಪ್‌ಹೌಸಿಗೆ 60 ಮೀಟರ್ ಎಳೆದಿದ್ದೆ. ಅದರ ಒಂದು ಎಳೆ ತಾಮ್ರಕ್ಕೆ ಕಿಲೋಮೀಟರಿಗೆ ಸುಮಾರು 84 ಓಮ್. 60 ಮೀಟರಿಗೆ 5 ಓಮ್ ಆಯಿತು. ದೀಪ 20 ಮಿಲಿಆಂಪ್ ಎಳೆಯುತ್ತಿತ್ತು. 5 ಓಮ್‌ನಲ್ಲಿ 20 ಮಿಲಿಆಂಪ್ ಹರಿದರೆ 0.1 ವೋಲ್ಟ್. ಅಂದರೆ ದೀಪ ಹೊತ್ತಿದ ಕ್ಷಣ ಕೆರೆಯ ಬಳಿಯ ಗ್ರೌಂಡ್, ಪಂಪ್‌ಹೌಸಿನ ಗ್ರೌಂಡಿಗಿಂತ 0.1 ವೋಲ್ಟ್ ಮೇಲೆದ್ದಿತು. ಸೆನ್ಸರಿನ ಔಟ್‌ಪುಟ್ ಕೂಡ ಅದರ ಜೊತೆ ಎದ್ದಿತು. ಸೆನ್ಸರಿಗೆ ಸಿಗುವ ಸಪ್ಲೈ ಅಷ್ಟೇ ಕುಗ್ಗಿದ್ದರಿಂದ ಸ್ವಲ್ಪ ವಾಪಸ್ ಇಳಿಯಿತು. ಆಗ ಕೆರೆಯಲ್ಲಿ 1.25 ಮೀಟರ್ ನೀರಿತ್ತು. ಆ ಮಟ್ಟದಲ್ಲಿ ಉಳಿಯುವ ತಪ್ಪು 70 ಮಿಲಿವೋಲ್ಟ್. ಸೆಂಟಿಮೀಟರಿಗೆ 8 ಮಿಲಿವೋಲ್ಟಿನ ಲೆಕ್ಕದಲ್ಲಿ ಒಂಬತ್ತು ಸೆಂಟಿಮೀಟರಿಗೆ ಕೂದಲೆಳೆ ಕಮ್ಮಿ. ಮಲ್ಟಿಮೀಟರಿನ ಒಂದು ಪ್ರೋಬನ್ನು ಉದ್ದನೆ ವೈರಿಗೆ ಕಟ್ಟಿ, ಏರಿಯ ಮೇಲೆ ಕೂತು, ಕೈಯಿಂದ ದೀಪದ ಸೆನ್ಸರ್ ಮುಚ್ಚಿ ತೆರೆದಾಗ ಎರಡು ಗ್ರೌಂಡಿನ ನಡುವೆ ಆ 0.1 ವೋಲ್ಟ್ ಬಂದು ಹೋಗುವುದು ಕಣ್ಣಿಗೇ ಕಂಡಿತು.

24 ಬಿಟ್ಟಿನ ಎಡಿಸಿ ಹಾಕಿದ್ದರೂ ಈ ಒಂಬತ್ತು ಸೆಂಟಿಮೀಟರ್ ಹಾಗೇ ಇರುತ್ತಿತ್ತು. ಇನ್ನೂ ನಾಜೂಕಾದ ತಪ್ಪು ಉತ್ತರ ಸಿಗುತ್ತಿತ್ತು ಅಷ್ಟೇ.

ಕೆರೆಯ ಸರ್ಕ್ಯೂಟ್, ಹಂತ ಹಂತವಾಗಿ

1. ಸೆನ್ಸರ್ ಜಾಗ. 0.5ರಿಂದ 4.5 ವೋಲ್ಟ್ ಕೊಡುವ, ಸಪ್ಲೈಗೆ ಅನುಪಾತದಲ್ಲಿ ಔಟ್‌ಪುಟ್ ಬದಲಿಸುವ ಪ್ರೆಶರ್ ಸೆನ್ಸರ್ ತೆಗೆದುಕೊಳ್ಳಿ. 5 ಮೀಟರ್ ನೀರು ಅಂದರೆ ಸುಮಾರು 49 ಕಿಲೊಪ್ಯಾಸ್ಕಲ್. ತೂಬಿನಿಂದ ಹೊರಬರುವ ಪೈಪಿಗೆ ಒಂದು ಟೀ ಜಾಯಿಂಟ್ ಹಾಕಿ ಅದಕ್ಕೆ ಕೂರಿಸಿ. ನೀರು ಹರಿಯುವಾಗ ಪೈಪಿನಲ್ಲಿ ಒತ್ತಡ ಇಳಿಯುತ್ತದೆ, ಅದಕ್ಕೇ ವಾಲ್ವ್ ಮುಚ್ಚಿದ್ದಾಗಿನ ಓದನ್ನೇ ನಂಬಿ.

2. ನಡುಬಿಂದು. ಇಡೀ ಕೆಲಸದಲ್ಲಿ ಇದೇ ಮುಖ್ಯ. 1 ಕಿಲೊಓಮ್‌ನ ಎರಡು ರೆಸಿಸ್ಟರ್, 0.1 ಶೇಕಡಾದವು, ತೆಗೆದುಕೊಳ್ಳಿ. ಒಂದನ್ನು ಸೆನ್ಸರಿನ 5 ವೋಲ್ಟಿನಿಂದ, ಇನ್ನೊಂದನ್ನು ಸೆನ್ಸರಿನ ಗ್ರೌಂಡಿನಿಂದ ತಂದು ನಡುವೆ ಸೇರಿಸಿ. ಸೇರಿದ ಜಾಗದಲ್ಲಿ ಸಪ್ಲೈಯ ಸರಿಯಾದ ಅರ್ಧ, ಅಂದರೆ 2.5 ವೋಲ್ಟ್ ಸಿಗುತ್ತದೆ. ಈ ರೆಸಿಸ್ಟರ್‌ಗಳು ಸೆನ್ಸರಿನ ಪಕ್ಕದಲ್ಲೇ ಇರಬೇಕು. ಪಂಪ್‌ಹೌಸಿನ ಬೋರ್ಡಿನಲ್ಲಿ ಹಾಕಿದರೆ ಮತ್ತೆ ಕೋಲಿನ ಬುಡ ಕೆಸರಲ್ಲೇ. ಸೆನ್ಸರಿನ ಪಕ್ಕದಲ್ಲಿದ್ದರೆ ಅಲ್ಲಿನ ಗ್ರೌಂಡ್ ಎದ್ದಾಗ ನಡುಬಿಂದುವೂ ಜೊತೆಗೇ ಏಳುತ್ತದೆ, ಕಳೆದಾಗ ಏರಿದ್ದು ಹೋಗುತ್ತದೆ. 10 ಕಿಲೊಓಮ್ ಹಾಕಿದರೆ ಕರೆಂಟ್ ಉಳಿಯುತ್ತದೆ ನಿಜ, ಆದರೆ ಅಷ್ಟು ಉದ್ದದ ತಂತಿ ಸುತ್ತಲಿನ ವಿದ್ಯುತ್ ಗಲಾಟೆಯನ್ನೆಲ್ಲ ಹಿಡಿಯುತ್ತದೆ. 1 ಕಿಲೊಓಮ್‌ಗೆ ಖರ್ಚಾಗುವುದು 2.5 ಮಿಲಿಆಂಪ್. ಅದು ದುಬಾರಿಯಲ್ಲ.

3. ಕೇಬಲ್. ಲ್ಯಾನ್ ಕೇಬಲ್ಲಿನಲ್ಲಿ ನಾಲ್ಕು ಜೊತೆ ತಿರುಚಿದ ತಂತಿ ಇರುತ್ತದೆ. ಕಿತ್ತಳೆ ಜೊತೆಯಲ್ಲಿ ಸಿಗ್ನಲ್ ಮತ್ತು ನಡುಬಿಂದು. ಇವೆರಡೂ ಒಂದೇ ಜೊತೆಯಲ್ಲಿ ಇರಲೇಬೇಕು. ಪಂಪ್ ಸ್ಟಾರ್ಟ್ ಆದಾಗ ಬರುವ ಗಲಾಟೆ ಎರಡಕ್ಕೂ ಸಮನಾಗಿ ತಗಲುತ್ತದೆ, ಕಳೆದಾಗ ಮಾಯ. ನೀಲಿ ಜೊತೆ ಎರಡೂ ಸೇರಿ 5 ವೋಲ್ಟ್. ಕಂದು ಜೊತೆ ಎರಡೂ ಸೇರಿ ಗ್ರೌಂಡ್. ಹಸಿರಿನ ಒಂದು ತಂತಿಯನ್ನು ಸೆನ್ಸರಿನ ಗ್ರೌಂಡ್ ಕಾಲಿನಿಂದಲೇ ತನ್ನಿ. ಅದರಲ್ಲಿ ಕರೆಂಟ್ ಹರಿಯುವುದಿಲ್ಲ, ಬರೀ ಅಲ್ಲಿನ ಗ್ರೌಂಡ್ ಎಷ್ಟಿದೆ ಅಂತ ವರದಿ ಕೊಡುತ್ತದೆ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಕೇಬಲ್ ಬೇಡ. ರೆಸಿಸ್ಟೆನ್ಸ್ ಜಾಸ್ತಿ, ಬಗ್ಗಿಸಿದರೆ ಮುರಿಯುತ್ತದೆ.

4. ಎಡಿಸಿಗೆ ಜೋಡಣೆ. ಎಡಿಎಸ್1115ಕ್ಕೆ 5 ವೋಲ್ಟ್ ಸಪ್ಲೈ ಕೊಡಿ. ಸಿಗ್ನಲ್ ಎಐಎನ್0ಗೆ. ಸೆನ್ಸರ್ ಗ್ರೌಂಡಿನ ಹಸಿರು ತಂತಿ ಎಐಎನ್1ಕ್ಕೆ. ನಡುಬಿಂದು ಎಐಎನ್3ಕ್ಕೆ. ಎಐಎನ್3 ಯಾಕೆ ಅಂದರೆ, ಈ ಚಿಪ್ಪಿನ ಒಳಗಿನ ಸ್ವಿಚ್ 0, 1, 2 ಈ ಮೂರನ್ನೂ 3ಕ್ಕೆ ಹೋಲಿಸಿ ಅಳೆಯಬಲ್ಲದು. 2ನೇ ಪಿನ್ ಖಾಲಿ ಉಳಿಯುತ್ತದೆ. ಅದೇ ಸಪ್ಲೈಯಲ್ಲಿ ಅದೇ ಜಾಗದಲ್ಲಿ ಇನ್ನೊಂದು ಸೆನ್ಸರ್ ಇದ್ದರೆ ಅಲ್ಲಿ ಹಾಕಬಹುದು.

ಇಎಸ್‌ಪಿ32 ಮೈಕ್ರೊಕಂಟ್ರೋಲರ್ ಬಳಸುವವರು ಇಲ್ಲಿ ಎಚ್ಚರ. ಎಡಿಎಸ್1115 5 ವೋಲ್ಟಿನಲ್ಲಿ ಓಡುವಾಗ ಎರಡು ಚಿಪ್ ಮಾತಾಡಿಕೊಳ್ಳುವ ಐ2ಸಿ ಲೈನಿನಲ್ಲಿ ಹೈ ಅಂತ ಒಪ್ಪಲು 3.5 ವೋಲ್ಟ್ ಬೇಕು. ಇಎಸ್‌ಪಿ32 ಕೊಡುವುದು 3.3. ಕೆಲವೊಮ್ಮೆ ನಡೆದುಬಿಡುತ್ತದೆ, ನಡೆಯದ ದಿನ ನೀವು ತೋಟದಲ್ಲಿ ಇರುವುದಿಲ್ಲ. ನಡುವೆ ಎರಡು ಕಡೆಯ ವೋಲ್ಟೇಜ್ ಹೊಂದಿಸುವ ಒಂದು ಲೆವೆಲ್ ಶಿಫ್ಟರ್ ಹಾಕಿ.

5. ಫಿಲ್ಟರ್ ಮತ್ತು ರಕ್ಷಣೆ. ಮೂರೂ ತಂತಿಗೆ ಸರಣಿಯಲ್ಲಿ 2.2 ಕಿಲೊಓಮ್. ಪ್ರತಿ ಎಡಿಸಿ ಪಿನ್ನಿನಿಂದ ಗ್ರೌಂಡಿಗೆ 0.1 ಮೈಕ್ರೊಫ್ಯಾರಡ್. ಎಐಎನ್0 ಮತ್ತು ಎಐಎನ್3ರ ನಡುವೆ 1 ಮೈಕ್ರೊಫ್ಯಾರಡ್, ಫಿಲ್ಮ್ ಜಾತಿಯದು. ನಡುವಿನ ಕೆಪಾಸಿಟರ್ ಗ್ರೌಂಡಿನವಕ್ಕಿಂತ ಹತ್ತು ಪಟ್ಟು ದೊಡ್ಡದಿರುವುದಕ್ಕೆ ಕಾರಣ ಇದೆ. ಎರಡು 0.1 ಕೆಪಾಸಿಟರ್ ಯಾವತ್ತೂ ಪೂರ್ತಿ ಒಂದೇ ಇರುವುದಿಲ್ಲ. ಆ ವ್ಯತ್ಯಾಸದಿಂದ ಎರಡೂ ತಂತಿಯಲ್ಲಿ ಸಮನಾಗಿ ಬಂದ ಗಲಾಟೆ ವ್ಯತ್ಯಾಸದ ರೂಪ ತಾಳುತ್ತದೆ. ನಡುವಿನ ದೊಡ್ಡ ಕೆಪಾಸಿಟರ್ ಅದನ್ನು ನುಂಗುತ್ತದೆ. ಈ ಮೌಲ್ಯಗಳಿಗೆ ಫಿಲ್ಟರ್ ಸುಮಾರು 34 ಹರ್ಟ್ಸ್‌ನಲ್ಲಿ ಕಡಿಯುತ್ತದೆ, ಕೆರೆಗೆ ಅದು ಧಾರಾಳ.

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಸಿಡಿಲು ಹೇಗೆ ಬಡಿಯುತ್ತದೆ ಅಂತ ಬೇರೆ ಹೇಳಬೇಕಾಗಿಲ್ಲ. ಕೇಬಲ್ ಬೋರ್ಡಿಗೆ ಬರುವ ಕಡೆ, 2.2 ಕಿಲೊಓಮ್‌ಗಿಂತ ಮೊದಲು, ಪ್ರತಿ ತಂತಿಯಿಂದ ಗ್ರೌಂಡಿಗೆ, ವೋಲ್ಟೇಜಿನ ಹೊಡೆತ ಹೀರುವ ಒಂದು ಟಿವಿಎಸ್ ಡಯೋಡ್ ಹಾಕಿ. 5 ವೋಲ್ಟಿನ ಟಿವಿಎಸ್ ಹಾಕಬೇಡಿ. ಅವು ಸೋರುತ್ತವೆ, ನೂರಾರು ಮೈಕ್ರೊಆಂಪ್‌ವರೆಗೂ ಹೋಗಬಹುದು. ಆ ಸೋರಿಕೆ ನಡುಬಿಂದುವನ್ನೇ ಎಳೆದುಬಿಡುತ್ತದೆ. 12 ವೋಲ್ಟಿನದು ಕೆಲವೇ ಮೈಕ್ರೊಆಂಪ್ ಸೋರುತ್ತದೆ. ಅದು ಹೊಡೆತ ಬಿದ್ದಾಗ ಸುಮಾರು 20 ವೋಲ್ಟಿಗೆ ಹಿಡಿದು ನಿಲ್ಲಿಸುತ್ತದೆ. 20ರಲ್ಲಿ 5 ಕಳೆದು 2.2 ಕಿಲೊಓಮ್‌ನಿಂದ ಭಾಗಿಸಿ: 7 ಮಿಲಿಆಂಪಿಗೂ ಕಮ್ಮಿ. ಎಡಿಎಸ್1115ರ ಪಿನ್ 10 ಮಿಲಿಆಂಪ್ ತಡೆಯುತ್ತದೆ. ನೇರ ಸಿಡಿಲಿಗೆ ಇದು ಉತ್ತರ ಅಲ್ಲ. ಹತ್ತಿರದಲ್ಲಿ ಬಿದ್ದ ಸಿಡಿಲಿನಿಂದ ಕೇಬಲ್ಲಿನಲ್ಲಿ ಹುಟ್ಟುವ ಹೊಡೆತಕ್ಕೆ ಮಾತ್ರ.

6. ಓದುವುದು. ವೇಗ ಸೆಕೆಂಡಿಗೆ 8 ಸ್ಯಾಂಪಲ್ ಇಡಿ. ನಿಧಾನ ಓದಿದಷ್ಟೂ 50 ಹರ್ಟ್ಸ್ ಕರೆಂಟಿನ ಗುಂಯ್‌ಗುಟ್ಟುವಿಕೆ ಸೋಸಿಹೋಗುತ್ತದೆ. ಮೊದಲ ಓದು ಎಐಎನ್0 ಕಳೆ ಎಐಎನ್3, 2.048ರ ರೇಂಜಿನಲ್ಲಿ. ಎರಡನೆಯದು ಎಐಎನ್1 ಕಳೆ ಎಐಎನ್3, 4.096ರ ರೇಂಜಿನಲ್ಲಿ. ಎರಡನೆಯದು ಯಾವಾಗಲೂ ಮೈನಸ್ ಬರುತ್ತದೆ, ಏಕೆಂದರೆ ಗ್ರೌಂಡ್ ನಡುಬಿಂದುವಿಗಿಂತ ಕೆಳಗಿದೆ. ಅದರ ಚಿಹ್ನೆ ಬದಲಿಸಿದರೆ ಸೆನ್ಸರಿಗೆ ನಿಜವಾಗಿ ತಲುಪಿದ ಸಪ್ಲೈಯ ಅರ್ಧ ಸಿಗುತ್ತದೆ.

7. ಲೆಕ್ಕ. ಎರಡನ್ನೂ ವೋಲ್ಟಿಗೆ ತಿರುಗಿಸಿ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ.

ಒಂದು ಉದಾಹರಣೆ ಕೈಯಲ್ಲೇ ಮಾಡೋಣ. ಮೊದಲ ಓದು ಮೈನಸ್ 16000. ಒಂದಕ್ಕೆ 62.5 ಮೈಕ್ರೊವೋಲ್ಟಿನಂತೆ ಮೈನಸ್ 1 ವೋಲ್ಟ್. ಎರಡನೆಯದು ಮೈನಸ್ 20000. ಒಂದಕ್ಕೆ 125 ಮೈಕ್ರೊವೋಲ್ಟಿನಂತೆ ಮೈನಸ್ 2.5, ಚಿಹ್ನೆ ಬದಲಿಸಿ 2.5 ವೋಲ್ಟ್. ಭಾಗಿಸಿದರೆ ಮೈನಸ್ 0.4. ಇದರ ಅರ್ಧಕ್ಕೆ 0.5 ಕೂಡಿಸಿ: 0.3. ಅಂದರೆ ಸೆನ್ಸರ್ ತನ್ನ ಸಪ್ಲೈಯ 30 ಶೇಕಡಾ ಕೊಡುತ್ತಿದೆ. ಅದರಿಂದ 0.1 ಕಳೆದು, 0.8ರಿಂದ ಭಾಗಿಸಿ, 5 ಮೀಟರಿನಿಂದ ಗುಣಿಸಿ. 1.25 ಮೀಟರ್ ನೀರು.

ಈ ಭಾಗಾಕಾರದಲ್ಲಿ ಏನೇನು ಹೊಡೆದುಹೋಯಿತು ನೋಡಿ. ಗ್ರೌಂಡ್ ತಂತಿಯ ಏರಿಳಿತ ಹೋಯಿತು. 5 ವೋಲ್ಟ್ ತಂತಿಯಲ್ಲಿ ಆದ ನಷ್ಟ ಹೋಯಿತು. ಸಪ್ಲೈ 5ರ ಬದಲು 4.9 ಆದರೂ ಪರವಾಗಿಲ್ಲ. ಎಡಿಸಿಯ ಒಳಗಿನ ರೆಫರೆನ್ಸ್ ಸ್ವಲ್ಪ ತಪ್ಪಿದ್ದರೂ ಮೇಲೆ ಕೆಳಗೆ ಎರಡರಲ್ಲೂ ಅದೇ ಇರುವುದರಿಂದ ಅದೂ ಹೋಯಿತು. ಇಷ್ಟಕ್ಕೆಲ್ಲ ಬೇಕಾಗಿದ್ದು ಎರಡು ರೆಸಿಸ್ಟರ್, ಎರಡು ತಂತಿ. ಇದು ಮೊದಲ ಸಲ ಕೆಲಸ ಮಾಡಿದ ಸಂಜೆ ನಾನು ಆರೂವರೆಗೆ ಪಂಪ್‌ಹೌಸಿನಲ್ಲೇ ನಿಂತಿದ್ದೆ. ಏರಿಯ ಮೇಲೆ ದೀಪ ಹೊತ್ತಿತು, ಗ್ರಾಫ್ ಕದಲಲಿಲ್ಲ. ಅಷ್ಟು ಖುಷಿಯಾಯಿತು.

ಒಂದು ಮಿತಿ ಮಾತ್ರ ಮರೆಯಬೇಡಿ. ಸಪ್ಲೈ 5.12 ವೋಲ್ಟ್ ದಾಟಿದರೆ ಮೊದಲ ಓದು ತುದಿಗಳಲ್ಲಿ 2.048 ದಾಟಿ ಅಂಕಿ ಅಲ್ಲೇ ಕಚ್ಚಿಕೊಳ್ಳುತ್ತದೆ. ಕೆಲವು ಮೊಬೈಲ್ ಚಾರ್ಜರ್‌ಗಳು 5.2 ಕೊಡುತ್ತವೆ. ಅಳೆದು ನೋಡಿಯೇ ಹಾಕಿ.

ಎರಡೂ ಪಿನ್ ಎದುರುಬದುರು ಆಡಲೇಬೇಕು ಅಂದಾಗ

ಮೇಲಿನ ಉಪಾಯದಲ್ಲಿ ಮೈನಸ್ ಪಿನ್ ನಿಂತಲ್ಲೇ ನಿಂತಿದೆ. ಸಿಗ್ನಲ್ ಆಡಿದಂತೆ ಎರಡರ ಸರಾಸರಿಯೂ ಆಡುತ್ತದೆ. ಎಡಿಎಸ್1115 ಅದನ್ನು ಸಹಿಸುತ್ತದೆ. ಫುಲ್ಲಿ ಡಿಫರೆನ್ಷಿಯಲ್ ಎಡಿಸಿ ಸಹಿಸುವುದಿಲ್ಲ. ಚಿಪ್ ಸುಡುವುದಿಲ್ಲ, ಅಂಕಿಗಳೂ ಬರುತ್ತವೆ. ಆದರೆ ಡೇಟಾಶೀಟ್‌ನಲ್ಲಿ ಕೊಟ್ಟ ನಿಖರತೆ ಸಿಗುವುದಿಲ್ಲ. ಕಾಸು ಕೊಟ್ಟು ತಂದದ್ದು ದಂಡ.

ನಿಧಾನದ ಸಿಗ್ನಲ್ ಆದರೆ ಎರಡು ಆಪ್‌ಆಂಪ್ (ವೋಲ್ಟೇಜನ್ನು ಹಿಗ್ಗಿಸಲು, ತಿರುಗಿಸಲು ಬಳಸುವ ಪುಟ್ಟ ಆಂಪ್ಲಿಫೈಯರ್) ಸಾಕು. ಒಂದು ಬಫರ್, ಸಿಗ್ನಲ್ಲನ್ನು ಇದ್ದ ಹಾಗೇ ಪ್ಲಸ್ ಪಿನ್ನಿಗೆ ಕೊಡುತ್ತದೆ. ಇನ್ನೊಂದು ಇನ್ವರ್ಟರ್, ಆ ಬಫರಿನ ಔಟ್‌ಪುಟ್ಟನ್ನು ಸಮನಾದ ಎರಡು ರೆಸಿಸ್ಟರ್ ಮೂಲಕ ತಿರುಗಿಸಿ ಮೈನಸ್ ಪಿನ್ನಿಗೆ ಕೊಡುತ್ತದೆ. ಇನ್ವರ್ಟರಿನ ಪ್ಲಸ್ ಕಾಲಿಗೆ ರೆಫರೆನ್ಸಿನ ಅರ್ಧ, 2.5 ವೋಲ್ಟ್. ಸಿಗ್ನಲ್ 4.5 ಇದ್ದಾಗ ಇನ್ವರ್ಟರ್ 0.5 ಕೊಡುತ್ತದೆ, ವ್ಯತ್ಯಾಸ 4. ಸಿಗ್ನಲ್ 0.5 ಇದ್ದಾಗ ಅದು 4.5 ಕೊಡುತ್ತದೆ, ವ್ಯತ್ಯಾಸ ಮೈನಸ್ 4. ಸರಾಸರಿ ಯಾವಾಗಲೂ 2.5. ಸಿಗ್ನಲ್ ಎರಡು ಪಟ್ಟಾಯಿತು ಅಂತ ಗದ್ದಲಕ್ಕೆ ಹೋಲಿಸಿ 6 ಡೆಸಿಬೆಲ್ ಪೂರ್ತಿ ಸಿಗುತ್ತದೆ ಅಂದುಕೊಳ್ಳಬೇಡಿ. ಇನ್ವರ್ಟರ್ ತನ್ನದೂ ಗದ್ದಲ ಸೇರಿಸುತ್ತದೆ.

ಆಪ್‌ಆಂಪ್ ಆರಿಸುವಾಗ ಎಲ್‌ಎಮ್358 ಬೇಡ. ಬೆಂಗಳೂರಿನ ಎಸ್.ಪಿ. ರೋಡಿನ ಯಾವ ಅಂಗಡಿಯಲ್ಲಿ ಕೇಳಿದರೂ ಸಿಗುತ್ತದೆ, ಎಲ್ಲರ ಡಬ್ಬಿಯಲ್ಲೂ ಇರುತ್ತದೆ. ಆದರೆ ಅದರ ಔಟ್‌ಪುಟ್ ಸಪ್ಲೈಗಿಂತ ಸುಮಾರು ಒಂದೂವರೆ ವೋಲ್ಟ್ ಕೆಳಗೇ ನಿಲ್ಲುತ್ತದೆ. 5 ವೋಲ್ಟಿನಲ್ಲಿ 3.5 ದಾಟುವುದಿಲ್ಲ. ಹೆಚ್ಚುಕಮ್ಮಿ ಸೊನ್ನೆಯಿಂದ ಸಪ್ಲೈವರೆಗೂ ಆಡುವ ರೇಲ್ ಟು ರೇಲ್ ಬೇಕು. ಎಮ್‌ಸಿಪಿ6002 ಅಗ್ಗದ ಆಯ್ಕೆ. ಅದರ ಆಫ್‌ಸೆಟ್, ಅಂದರೆ ಹುಟ್ಟಿನಿಂದಲೇ ಇರುವ ಸಣ್ಣ ತಪ್ಪು, 4.5 ಮಿಲಿವೋಲ್ಟ್‌ವರೆಗೂ ಇರಬಹುದು, ಮೊದಲ ದಿನವೇ ಅಳೆದು ಸಾಫ್ಟ್‌ವೇರಿನಲ್ಲಿ ಕಳೆಯಿರಿ.

ವೇಗದ ಸಿಗ್ನಲ್ಲಿಗೆ ಫುಲ್ಲಿ ಡಿಫರೆನ್ಷಿಯಲ್ ಆಂಪ್ಲಿಫೈಯರ್

ಪಂಪ್‌ಸೆಟ್ಟಿನ ಬೇರಿಂಗ್ ಹೋಗುವ ಮೊದಲೇ ತಿಳಿಯಬೇಕು ಅಂತ ನಾನು ಅದರ ಅದುರುವಿಕೆ ಅಳೆಯಲು ಹೊರಟೆ. ಮೋಟರ್ ನಿಮಿಷಕ್ಕೆ 1440 ಸುತ್ತು, ಅಂದರೆ 24 ಹರ್ಟ್ಸ್. ಬೇರಿಂಗಿನ ದೂರು ಅದಕ್ಕಿಂತ ಎಷ್ಟೋ ಮೇಲೆ, ನೂರಾರು ಹರ್ಟ್ಸ್‌ನಲ್ಲಿ ಕೇಳಿಸುತ್ತದೆ. ಸೆನ್ಸರ್ ಎಡಿಎಕ್ಸ್‌ಎಲ್335, ಅದುರುವಿಕೆಯನ್ನು ವೋಲ್ಟೇಜಾಗಿ ಕೊಡುವ ಚಿಪ್. 3 ವೋಲ್ಟಿನಲ್ಲಿ ಓಡಿಸಿದರೆ ಸುಮ್ಮನಿದ್ದಾಗ 1.5 ವೋಲ್ಟ್, ಒಂದು ಜಿಗೆ (ಭೂಮಿಯ ಗುರುತ್ವದಷ್ಟು ವೇಗೋತ್ಕರ್ಷಕ್ಕೆ) 0.3 ವೋಲ್ಟ್. ಮೂರು ಜಿಗೆ 1.5ರ ಆಚೀಚೆ 0.9 ವೋಲ್ಟ್ ಆಡುತ್ತದೆ. ಎಡಿಸಿ 5 ವೋಲ್ಟ್ ರೆಫರೆನ್ಸಿನ ಫುಲ್ಲಿ ಡಿಫರೆನ್ಷಿಯಲ್.

ಇಂಥ ಕಡೆ ಎರಡು ಆಪ್‌ಆಂಪಿನ ಉಪಾಯ ಕುಂಟುತ್ತದೆ. ಇನ್ವರ್ಟರಿನ ದಾರಿ ಬಫರಿಗಿಂತ ನಿಧಾನ, ಸಿಗ್ನಲ್ ವೇಗವಾದಷ್ಟೂ ಎರಡು ಕಾಲಿನ ಹೆಜ್ಜೆ ತಪ್ಪುತ್ತದೆ. ಅದಕ್ಕೇ ಎಡಿಎ4940-1, ಟಿಎಚ್‌ಎಸ್4521, ಎಲ್‌ಟಿಸಿ6363 ಥರದ ಚಿಪ್‌ಗಳಿವೆ. ಇವಕ್ಕೆ ಎರಡು ಇನ್‌ಪುಟ್, ಎರಡು ಔಟ್‌ಪುಟ್, ಜೊತೆಗೆ ವಿಓಸಿಎಮ್ ಅನ್ನುವ ಒಂದು ಪಿನ್. ಆ ಪಿನ್ನಿಗೆ ಎಷ್ಟು ವೋಲ್ಟ್ ಕೊಡುತ್ತೀರೋ ಅದರ ಸುತ್ತ ಎರಡೂ ಔಟ್‌ಪುಟ್ ಎದುರುಬದುರು ಆಡುತ್ತವೆ.

ಪ್ರತಿ ಕಡೆ ಒಂದು ಒಳಬರುವ ರೆಸಿಸ್ಟರ್, ಒಂದು ಫೀಡ್‌ಬ್ಯಾಕ್ ರೆಸಿಸ್ಟರ್. ಗೇನ್, ಅಂದರೆ ಸಿಗ್ನಲ್ ಎಷ್ಟು ಪಟ್ಟು ಹಿಗ್ಗುತ್ತದೆ ಅನ್ನುವುದು, ಫೀಡ್‌ಬ್ಯಾಕನ್ನು ಒಳಬರುವುದರಿಂದ ಭಾಗಿಸಿದ್ದು. ನಾನು 1 ಕಿಲೊಓಮ್ ಮತ್ತು 4.02 ಕಿಲೊಓಮ್ ಹಾಕಿದೆ, ಗೇನ್ ನಾಲ್ಕು. ಒಂದು ಕಡೆ ಸಿಗ್ನಲ್, ಇನ್ನೊಂದು ಕಡೆ 1.5 ವೋಲ್ಟ್. ವಿಓಸಿಎಮ್‌ಗೆ 2.5 ವೋಲ್ಟ್, ಅದರ ಬುಡಕ್ಕೇ 0.1 ಮೈಕ್ರೊಫ್ಯಾರಡ್. ಆಗ ಪ್ರತಿ ಔಟ್‌ಪುಟ್ 0.7ರಿಂದ 4.3 ವೋಲ್ಟ್ ನಡುವೆ ಆಡುತ್ತದೆ, ವ್ಯತ್ಯಾಸ ಪ್ಲಸ್ ಮೈನಸ್ 3.6. ಆಂಪ್ಲಿಫೈಯರಿನ ಇನ್‌ಪುಟ್ ಕಾಲುಗಳು ಎಲ್ಲಿರುತ್ತವೆ ಅಂತಲೂ ಲೆಕ್ಕ ಹಾಕಿ ನೋಡಿ. ಇಲ್ಲಿ ಸುಮಾರು 1.3ರಿಂದ 2.1 ವೋಲ್ಟ್, ಡೇಟಾಶೀಟಿನ ಮಿತಿಯೊಳಗೇ ಇದೆ. ಬಹಳ ಜನ ಈ ಲೆಕ್ಕ ಬಿಟ್ಟುಬಿಡುತ್ತಾರೆ, ಆಮೇಲೆ ಔಟ್‌ಪುಟ್ ಯಾಕೆ ಚಪ್ಪಟೆಯಾಯಿತು ಅಂತ ತಲೆ ಕೆರೆದುಕೊಳ್ಳುತ್ತಾರೆ.

ಕಾಗದದ ಮೇಲೆ ಎಲ್ಲ ಸರಿಯಿತ್ತು. ಮೊದಲ ದಿನ ಪಂಪ್ ಹಾಕಿದೆ. ಕೈಯಿಟ್ಟರೆ ಮೋಟರ್ ಅದುರುವುದು ಗೊತ್ತಾಗುತ್ತಿದೆ, ಗ್ರಾಫ್ ಮಾತ್ರ ಹೆಚ್ಚುಕಮ್ಮಿ ನೇರ ಗೆರೆ. ಕಾರಣ ಹುಡುಕಲು ಎರಡು ಸಂಜೆ ಹೋಯಿತು. ಎಡಿಎಕ್ಸ್‌ಎಲ್335ರ ಔಟ್‌ಪುಟ್‌ನಲ್ಲಿ ಒಳಗೇ 32 ಕಿಲೊಓಮ್ ಇದೆ. ನನ್ನ ಆಂಪ್ಲಿಫೈಯರ್ ಬಾಗಿಲಲ್ಲಿ ಕಾಣುವ ಇನ್‌ಪುಟ್ ರೆಸಿಸ್ಟೆನ್ಸ್ ಬರೀ 1.67 ಕಿಲೊಓಮ್. ಇಪ್ಪತ್ತರಲ್ಲಿ ಒಂದು ಪಾಲು ಸಿಗ್ನಲ್ ಒಳಗೆ ಬರುತ್ತಿತ್ತು, ಉಳಿದದ್ದು 32 ಕಿಲೊಓಮ್‌ನಲ್ಲೇ ಕಳೆದುಹೋಗುತ್ತಿತ್ತು. ಎರಡು ಕಡೆಯ ಸಮತೋಲನವೂ ಕೆಟ್ಟಿತ್ತು.

ಆ 1.67 ಎಲ್ಲಿಂದ ಬಂತು? ಸಿಂಗಲ್ ಎಂಡೆಡ್ ಆಗಿ ನಡೆಸಿದಾಗ ಕಾಣುವ ರೆಸಿಸ್ಟೆನ್ಸ್ ಬರೀ ಒಳಬರುವ ರೆಸಿಸ್ಟರ್ ಅಲ್ಲ. ಮೊದಲು ಒಳಬರುವ ಮತ್ತು ಫೀಡ್‌ಬ್ಯಾಕ್ ಎರಡನ್ನೂ ಕೂಡಿಸಿ ಇಮ್ಮಡಿ ಮಾಡಿ. ಅದರಿಂದ ಫೀಡ್‌ಬ್ಯಾಕನ್ನು ಭಾಗಿಸಿ. ಬಂದದ್ದನ್ನು ಒಂದರಿಂದ ಕಳೆಯಿರಿ. ಕೊನೆಗೆ ಒಳಬರುವ ರೆಸಿಸ್ಟರನ್ನು ಇದರಿಂದ ಭಾಗಿಸಿ. 1 ಮತ್ತು 4ಕ್ಕೆ: 4ನ್ನು 10ರಿಂದ ಭಾಗಿಸಿದರೆ 0.4, ಒಂದರಿಂದ ಕಳೆದರೆ 0.6, 1ನ್ನು 0.6ರಿಂದ ಭಾಗಿಸಿದರೆ 1.67.

ಪರಿಹಾರ ಸುಲಭ. ಎರಡು ಆಪ್‌ಆಂಪ್ ಇರುವ ಒಂದು ಚಿಪ್ ಹಾಕಿ. ಒಂದರ್ಧ ಸೆನ್ಸರ್ ಸಿಗ್ನಲ್ಲಿಗೆ ಬಫರ್, ಇನ್ನರ್ಧ 1.5 ವೋಲ್ಟಿಗೆ ಬಫರ್. 1.5 ವೋಲ್ಟನ್ನು ಸೆನ್ಸರಿನ 3 ವೋಲ್ಟಿನಿಂದಲೇ, ಸಮನಾದ ಎರಡು ರೆಸಿಸ್ಟರಿನಿಂದ ಮಾಡಿ. ಕೆರೆಯ ನಡುಬಿಂದುವೇ ಮತ್ತೆ ಇಲ್ಲಿಗೆ ಬಂತು ನೋಡಿ. ಒಂದೇ ಜಾತಿಯ ಬಫರ್ ಎರಡೂ ಕಡೆ ಇರುವುದರಿಂದ ಸಮತೋಲನ ತಾನಾಗಿ ಬರುತ್ತದೆ. ಬಫರ್ ಹಾಕಲು ಆಗದಿದ್ದರೆ ಮೂಲದ ರೆಸಿಸ್ಟೆನ್ಸ್ ಎಷ್ಟಿದೆಯೋ ಅಷ್ಟನ್ನು ಇನ್ನೊಂದು ಕಡೆಯೂ ಸರಣಿಯಲ್ಲಿ ಸೇರಿಸಬೇಕು. ರೆಸಿಸ್ಟರ್‌ಗಳು 0.1 ಶೇಕಡಾದವೇ ಇರಲಿ. ಎರಡು ಕಡೆ ಹೊಂದದಿದ್ದರೆ ವಿಓಸಿಎಮ್‌ನ ಗದ್ದಲ ವ್ಯತ್ಯಾಸದ ರೂಪದಲ್ಲಿ ಸಿಗ್ನಲ್ಲಿಗೆ ನುಸುಳುತ್ತದೆ.

ಮಾರುಕಟ್ಟೆಯ ಹಲವು ಎಡಿಎಕ್ಸ್‌ಎಲ್335 ಬೋರ್ಡ್‌ಗಳಲ್ಲಿ ಔಟ್‌ಪುಟ್ಟಿಗೆ 0.1 ಮೈಕ್ರೊಫ್ಯಾರಡ್ ಇರುತ್ತದೆ. 32 ಕಿಲೊಓಮ್ ಜೊತೆ ಅದು 50 ಹರ್ಟ್ಸ್‌ನಲ್ಲೇ ಕಡಿಯುತ್ತದೆ, ಬೇರಿಂಗಿನ ಸದ್ದು ಒಳಗೇ ಬರುವುದಿಲ್ಲ. ಅದನ್ನು ಕಿತ್ತು 0.0047 ಹಾಕಿದರೆ ಸುಮಾರು 1 ಕಿಲೊಹರ್ಟ್ಸ್‌ವರೆಗೆ ಸಿಗುತ್ತದೆ.

ಆಂಪ್ಲಿಫೈಯರ್ ಮತ್ತು ಎಡಿಸಿ ನಡುವೆ ಪ್ರತಿ ಕಾಲಿಗೂ ಒಂದು ಸಣ್ಣ ರೆಸಿಸ್ಟರ್, ಗ್ರೌಂಡಿಗೆ ಒಂದು ಕೆಪಾಸಿಟರ್ ಬೇಕು. ಎಸ್‌ಎಆರ್ ಎಡಿಸಿ ಪ್ರತಿ ಸಲ ಸ್ಯಾಂಪಲ್ ಮಾಡುವಾಗ ಒಳಗಿನ ಕೆಪಾಸಿಟರ್ ಜೋಡಿಸಿ ಇನ್‌ಪುಟ್ಟನ್ನು ಗಬಕ್ಕನೆ ಎಳೆಯುತ್ತದೆ. ಹೊರಗಿನ ಕೆಪಾಸಿಟರ್ ಆ ಎಳೆತವನ್ನು ತಡೆದುಕೊಳ್ಳುತ್ತದೆ. 33 ಓಮ್, 2.7 ನ್ಯಾನೊಫ್ಯಾರಡ್‌ನಿಂದ ಶುರು ಮಾಡಿ. ಕೆಪಾಸಿಟರ್ ಸಿ0ಜಿ ಜಾತಿಯದೇ ಇರಲಿ, ಉಳಿದ ಸೆರಾಮಿಕ್‌ಗಳು ವೋಲ್ಟೇಜ್ ಬದಲಾದಂತೆ ಮೌಲ್ಯ ಬದಲಿಸಿ ಸಿಗ್ನಲ್ಲನ್ನು ಸೊಟ್ಟ ಮಾಡುತ್ತವೆ.

ಸಿಗ್ನಲ್ ಸೊನ್ನೆಯ ಆಚೀಚೆ ಆಡುವಂಥದ್ದಾದರೂ ಇದೇ ಚಿಪ್ ಒಂದೇ 5 ವೋಲ್ಟಿನಲ್ಲಿ ನಡೆಸುತ್ತದೆ. ಗೇನ್ ಒಂದು ಇಟ್ಟು, ಮೈನಸ್ 2ರಿಂದ ಪ್ಲಸ್ 2 ವೋಲ್ಟ್ ಕೊಟ್ಟು, ಇನ್ನೊಂದು ಕಡೆಯನ್ನು ಗ್ರೌಂಡಿಗೆ ಹಾಕಿದರೆ ಆಂಪ್ಲಿಫೈಯರಿನ ಕಾಲುಗಳು 0.75ರಿಂದ 1.75 ವೋಲ್ಟ್ ನಡುವೆಯೇ ಇರುತ್ತವೆ. ರೇಡಿಯೋ ತರಂಗದಂಥ ತೀರಾ ವೇಗದ್ದಕ್ಕೆ ಟ್ರಾನ್ಸ್‌ಫಾರ್ಮರ್ ಬಳಸುತ್ತಾರೆ. ಅದರಲ್ಲಿ ಡಿಸಿ ದಾಟುವುದಿಲ್ಲ, ನಮ್ಮ ಕೆಲಸಕ್ಕೆ ಬರುವುದಿಲ್ಲ.

ಪೆಟ್ಟಿಗೆ ಮುಚ್ಚುವ ಮೊದಲು

ಮೊದಲು ಎಐಎನ್0ರ ತಂತಿಯನ್ನು ಸೆನ್ಸರಿನಿಂದ ಬಿಚ್ಚಿ ನಡುಬಿಂದುವಿಗೇ ಸೇರಿಸಿ. ಓದು ಸೊನ್ನೆಯ ಹತ್ತಿರ ಬರಬೇಕು. ಹಾಗೇ ಬಿಟ್ಟು ಪಂಪನ್ನು ಆನ್ ಆಫ್ ಮಾಡಿ, ದೀಪ ಹೊತ್ತಿಸಿ ಆರಿಸಿ. ಅಂಕಿ ಕದಲಿದರೆ ತಂತಿಯ ಜೋಡಣೆಯಲ್ಲೇ ತಪ್ಪಿದೆ, ಮುಂದೆ ಹೋಗಬೇಡಿ. ಎರಡೂ ಕಾಲು ಆಡುವ ಸರ್ಕ್ಯೂಟ್ ಆದರೆ ಎರಡೂ ಔಟ್‌ಪುಟ್ಟನ್ನು ಮಲ್ಟಿಮೀಟರಿನಲ್ಲಿ ಅಳೆದು ಕೂಡಿಸಿ. ಸಿಗ್ನಲ್ ಎಷ್ಟೇ ಇರಲಿ, ಮೊತ್ತ 5 ವೋಲ್ಟಿನಲ್ಲೇ ನಿಲ್ಲಬೇಕು.

ಆಮೇಲೆ ನೀರಿನಲ್ಲೇ ತೂಗಿ ನೋಡಿ. ಎರಡು ಮೀಟರಿಗಿಂತ ಸ್ವಲ್ಪ ಉದ್ದದ ಪಾರದರ್ಶಕ ಹೋಸ್ ಪೈಪನ್ನು ಸಿಲ್ವರ್ ಓಕ್ ಮರಕ್ಕೆ ನೇರವಾಗಿ ಕಟ್ಟಿ, ಬುಡದಲ್ಲಿ ಸೆನ್ಸರ್ ಸಿಕ್ಕಿಸಿ, ಮೇಲಿನಿಂದ ನೀರು ತುಂಬಿ. ಗಾಳಿಗುಳ್ಳೆ ಇರಬಾರದು. ನೀರಿಲ್ಲದಾಗ ಭಾಗಾಕಾರದ ಉತ್ತರ ಮೈನಸ್ 0.8 ಬರಬೇಕು. ಒಂದು ಮೀಟರಿಗೆ ಮೈನಸ್ 0.48. ಎರಡು ಮೀಟರಿಗೆ ಮೈನಸ್ 0.16. ಸೆನ್ಸರಿನ ತಪ್ಪು, ರೆಸಿಸ್ಟರಿನ ತಪ್ಪು, ಎಡಿಸಿಯ ಎರಡು ರೇಂಜುಗಳ ನಡುವಿನ ಸಣ್ಣ ವ್ಯತ್ಯಾಸ, ಎಲ್ಲವೂ ಸೇರಿ ನಿಮಗೆ ಸಿಗುವುದು ಸ್ವಲ್ಪ ಬೇರೆಯೇ ಇರುತ್ತದೆ. ಸೊನ್ನೆಗೆ ಒಂದು ಅಂಕಿ, ಎರಡು ಮೀಟರಿಗೆ ಒಂದು ಅಂಕಿ ಬರೆದುಕೊಳ್ಳಿ, ಲೆಕ್ಕಕ್ಕೆ ಅವನ್ನೇ ಬಳಸಿ. ಒಂದು ಮೀಟರಿನಲ್ಲಿ ಸರಿ ಬಂತಾ ಅಂತ ಮತ್ತೆ ನೋಡಿ.

ಕೊನೆಯದು ಥಂಡಿ. ಜಡಿಮಳೆಯ ಕಕ್ಕಡ ತಿಂಗಳಲ್ಲಿ ಪಂಪ್‌ಹೌಸಿನ ಗೋಡೆಯೇ ಬೆವರುತ್ತದೆ, ಬೋರ್ಡ್ ಬಿಡುತ್ತದೆಯೇ? ಸೋಲ್ಡರ್ ಮಾಡಿದ ಮೇಲೆ ಫ್ಲಕ್ಸನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ತೊಳೆದು, ಬಿಸಿಲಿರುವ ದಿನ ಚೆನ್ನಾಗಿ ಒಣಗಿಸಿ, ತೇವ ತಡೆಯುವ ಕಾನ್ಫಾರ್ಮಲ್ ಕೋಟಿಂಗ್ ಬಳಿಯಿರಿ. ಕೇಬಲ್ಲನ್ನು ಪೆಟ್ಟಿಗೆಯ ಕೆಳಗಿನಿಂದ ತನ್ನಿ. ಒಳಬರುವ ಮೊದಲು ಒಂದು ಗೇಣು ಜೋಲು ಬಿಡಿ, ನೀರು ಅಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ಸಿಲಿಕಾ ಜೆಲ್ ಪೊಟ್ಟಣ ಒಂದಿರಲಿ, ಮೇ ಕೊನೆಯಲ್ಲಿ ಬದಲಿಸಿ. ಹೋಸ್ ಪೈಪಿನಲ್ಲಿ ಸಿಕ್ಕಿದ ಆ ಎರಡು ಅಂಕಿಗಳನ್ನು, ಯಾವ ಬಣ್ಣದ ತಂತಿ ಯಾವ ಪಿನ್ನಿಗೆ ಅನ್ನುವುದನ್ನು ಒಂದು ಚೀಟಿಯಲ್ಲಿ ಬರೆದು ಮುಚ್ಚಳದ ಒಳಗೆ ಅಂಟಿಸಿ. ಪೆನ್ಸಿಲಿನಲ್ಲಿ ಬರೆಯಿರಿ, ಪೆನ್ನಿನ ಶಾಯಿ ಆ ಥಂಡಿಗೆ ಹರಡಿಹೋಗುತ್ತದೆ.